ಮೂರು ಸುತ್ತು ಟೇಪು

ಮಂಗಳವಾರ, ಹನ್ನೊಂದನೇ ತಾರೀಖು, ಬೆಳಿಗ್ಗೆ ಏಳು ನಲವತ್ತಕ್ಕೆ ಠಾಣೆಗೆ ಇಬ್ಬರು ಬಂದರು. ಸಮಯ ಇಷ್ಟು ಕರಾರುವಾಕ್ಕಾಗಿ ಗೊತ್ತಿರುವುದಕ್ಕೆ ಕಾರಣ ಹೆಡ್ ಕಾನ್‌ಸ್ಟೇಬಲ್. ಠಾಣೆಯೊಳಗೆ ಬೆಕ್ಕು ಬಂದರೂ ಗಂಟೆ ನೋಡಿ ಡೈರಿಯಲ್ಲಿ ಬರೆದುಕೊಳ್ಳುವ ಆಸಾಮಿ. ಅದಕ್ಕೇ ಅವನಿಗೆ ಗಡಿಯಾರ ಎಂದೇ ಹೆಸರು ಬಿದ್ದಿತ್ತು.

ಬಂದವರಲ್ಲಿ ಒಬ್ಬ ಕಲ್ಲುಕ್ವಾರಿಯ ಮದ್ದಿನ ಕೋಣೆಯ ಸ್ಟೋರ್‌ಕೀಪರ್. ಐವತ್ತು ದಾಟಿದವನು, ಒಗೆದು ಇಸ್ತ್ರಿ ಮಾಡಿದ ಅಂಗಿ, ಜೇಬಿನಲ್ಲಿ ಎರಡು ಪೆನ್ನು. ಕ್ವಾರಿಯಲ್ಲಿ ದೊಡ್ಡವರು ಚಿಕ್ಕವರು ಎಲ್ಲರಿಗೂ ಅವನು ಮದ್ದಿನಣ್ಣ. ಜೊತೆಗಿದ್ದವಳು ಅವನ ತಂಗಿ. ಎಂಟು ತಿಂಗಳ ಹಿಂದೆ ಅದೇ ಕ್ವಾರಿಯಲ್ಲಿ ಬಂಡೆ ಕುಸಿದು ಸತ್ತ, ಮದ್ದು ಸಿಡಿಸುವ ಬ್ಲಾಸ್ಟರ್‌ನ ಹೆಂಡತಿ.

"ಏನು ಕಳವಾಗಿದ್ದು?" ಎಂದ ಗಡಿಯಾರ.

"ಕಾರ್ಡು ಸಾರ್."

"ಯಾವ ಕಾರ್ಡು? ಬ್ಯಾಂಕಿಂದಾ?"

"ಅಯ್ಯೋ, ಅದಲ್ಲ ಸಾರ್. ಡೆಟೊನೇಟಿಂಗ್ ಕಾರ್ಡು. ಮದ್ದು ತುಂಬಿದ ಹುರಿ. ಕೋರ್ಟಿಗೆ ಹೋಗಬೇಕಾಗಿದ್ದ ರೋಲು."

ಒಳಗೆ ಕೂತಿದ್ದ ಇನ್ಸ್‌ಪೆಕ್ಟರ್ ಕುರ್ಚಿ ಹಿಂದಕ್ಕೆ ತಳ್ಳಿ ಎದ್ದು ಬಂದಳು. ಸಿಡಿಮದ್ದು ಕಳವು ಅಂದರೆ ಕೋಳಿ ಕಳವಲ್ಲ. ಅರ್ಜಿ ಕೈಗೆ ತೆಗೆದುಕೊಂಡಳು. ಮುತ್ತು ಪೋಣಿಸಿದಂಥ ಅಕ್ಷರ, ಒಂದು ಕಡೆಯೂ ಹೊಡೆದುಹಾಕಿಲ್ಲ.

"ಇದನ್ನ ಬರೆದದ್ದು ಯಾರು?"

"ನಮ್ಮಣ್ಣ ಮೇಡಂ," ಎಂದಳು ತಂಗಿ. "ಕೋರ್ಟಿನ ಅರ್ಜಿಗಳನ್ನೂ ಅವನೇ ಬರ್ಕೊಟ್ಟಿದ್ದು. ಇಲ್ಲದಿದ್ರೆ ನಾನು ಎಲ್ಲಿಗೆ ಹೋಗ್ತಿದ್ದೆ?"

ಇನ್ಸ್‌ಪೆಕ್ಟರ್ ಈ ಠಾಣೆಗೆ ಬಂದು ಮೂರೇ ತಿಂಗಳು. ಹಳೆಯ ಫೈಲು ತರಿಸಿ ಓದಿದಳು. ಎಂಟು ತಿಂಗಳ ಹಿಂದೆ ಒಂದು ಮಧ್ಯಾಹ್ನ ಬಂಡೆಯಲ್ಲಿ ಕೊರೆದು ಮದ್ದು ತುಂಬಿದ ಹನ್ನೆರಡು ಕುಳಿಗಳನ್ನು, ಆರಾರರ ಎರಡು ಸಾಲಾಗಿ, ಸಿಡಿಸಬೇಕಿತ್ತು. ಮೊದಲ ಸಾಲಿನ ಆರು ಸಿಡಿದವು, ಎರಡನೆಯದರ ಆರು ಸಿಡಿಯಲಿಲ್ಲ. ಬ್ಲಾಸ್ಟರ್ ಕಾಯಬೇಕಾದಷ್ಟು ಹೊತ್ತು ಕಾದು ನೋಡಲು ಹೋದ. ಅರ್ಧ ಸಡಿಲಾಗಿ ನಿಂತಿದ್ದ ಬಂಡೆ ಅವನ ಮೇಲೆ ಬಿತ್ತು. ಜೊತೆಗೆ ಹೋದ ಇಬ್ಬರ ಕಾಲು ಮುರಿಯಿತು. ವಿಚಾರಣೆ ಮಾಡಿದವರು ಒಂದೇ ಸಾಲಿನಲ್ಲಿ ಕೈತೊಳೆದುಕೊಂಡಿದ್ದರು: 'ಹುರಿಯ ಗಂಟು ತಪ್ಪಾಗಿ ಕಟ್ಟಿದ ಬ್ಲಾಸ್ಟರ್‌ನ ಕೈತಪ್ಪಿನಿಂದ ಅವಘಡ.'

ಆ ಸಾಲನ್ನು ಅಳಿಸಬೇಕೆಂದು ಹೆಂಡತಿ ಎಂಟು ತಿಂಗಳಿಂದ ಅಲೆಯುತ್ತಿದ್ದಳು. ಕಾಲು ಮುರಿದವರ ಮನೆಯವರು ಅವಳೊಂದಿಗೆ ಮಾತು ಬಿಟ್ಟಿದ್ದರು. ನಲ್ಲಿಯ ಹತ್ತಿರ ಅವಳು ಕೊಡ ಇಟ್ಟರೆ ತಮ್ಮ ಕೊಡ ಎತ್ತಿಕೊಂಡು ಹೋಗುತ್ತಿದ್ದರು. ಕೊನೆಗೆ ಕೋರ್ಟು, ಅಂದು ಉಳಿದ ಹುರಿಯ ರೋಲನ್ನು ಲ್ಯಾಬಿಗೆ ಕಳಿಸಿ ಪರೀಕ್ಷೆ ಮಾಡಿಸಿ ಎಂದಿತ್ತು. ಪುರಾವೆಯೇ ಆದರೂ ಮದ್ದನ್ನು ಠಾಣೆಯಲ್ಲಿ ಇಡುವಂತಿಲ್ಲ. ಪೆಟ್ಟಿಗೆಗೆ ಹಾಕಿ, ಸೀಲು ಮಾಡಿ, ಕ್ವಾರಿಯ ಮದ್ದಿನ ಕೋಣೆಯಲ್ಲೇ ಇಟ್ಟಿದ್ದರು. ಗುರುವಾರ ಅದು ಲ್ಯಾಬಿಗೆ ಹೊರಡಬೇಕಿತ್ತು.

"ಅವರ ಕೈ ತಪ್ಪೋ ಕೈಯಲ್ಲ ಮೇಡಂ," ಎಂದಳು ಅವಳು. "ಇಪ್ಪತ್ತು ವರ್ಷ ಗಂಟು ಕಟ್ಟಿದ ಕೈ. ಆ ರೋಲೊಂದೇ ಅದನ್ನ ಹೇಳಬೇಕಿತ್ತು. ಈಗ ಅದೂ ಇಲ್ಲ."

ಎಂಟು ಹತ್ತಕ್ಕೆ ಎಫ್‌ಐಆರ್ ದಾಖಲಾಯಿತು.

ಒಂಬತ್ತೂ ಕಾಲಿಗೆ ಪಂಚನಾಮೆ. ಮದ್ದಿನ ಕೋಣೆ ಕ್ವಾರಿಯ ಗದ್ದಲದಿಂದ ದೂರ, ಮುಳ್ಳುತಂತಿಯೊಳಗೆ ಒಂಟಿಯಾಗಿ ನಿಂತಿದ್ದ ಗಿಡ್ಡ ಕಟ್ಟಡ. ಬೀಗ ಒಡೆದಿತ್ತು, ಬಾಗಿಲು ತೆರೆದೇ ಇತ್ತು. ಒಳಗೆ ಹಲಗೆಗಳ ಮೇಲೆ ಹುರಿಯ ಬೇರೆ ರೋಲುಗಳು, ಮದ್ದಿನ ಪೆಟ್ಟಿಗೆಗಳು ಇದ್ದ ಹಾಗೇ ಇದ್ದವು. ಬಾಗಿಲಿಗೆ ನೇರ ಎದುರಿದ್ದ ಸೀಲು ಮಾಡಿದ ಪೆಟ್ಟಿಗೆಯೊಂದೇ ಇರಲಿಲ್ಲ.

"ಬೆಳಿಗ್ಗೆ ಬೀಗ ನೋಡಿದ ಕೂಡಲೇ ಇಲ್ಲೇ ನಿಂತುಬಿಟ್ಟೆ ಮೇಡಂ," ಎಂದು ಮದ್ದಿನಣ್ಣ ತಂತಿಬೇಲಿಯ ಗೇಟು ತೋರಿಸಿದ. "ಇಲ್ಲಿಂದಲೇ ಪೆಟ್ಟಿಗೆ ಇಲ್ಲ ಅಂತ ಕಾಣ್ತು. ಒಳಗೆ ಕಾಲಿಡಲಿಲ್ಲ. ಗುರುತು ಅಳಿಸಿಹೋದ್ರೆ ನಿಮಗೆ ಕಷ್ಟ ಅಲ್ವಾ?"

ಎಷ್ಟು ತಿಳಿದ ಮನುಷ್ಯ ಎಂದುಕೊಂಡಳು ಇನ್ಸ್‌ಪೆಕ್ಟರ್. ಅವಳ ನೌಕರಿಯಲ್ಲಿ ಸ್ಥಳವನ್ನು ತುಳಿದಾಡಿ ಹಾಳುಮಾಡದ ಪಿರ್ಯಾದಿಯನ್ನು ಅವಳು ನೋಡಿದ್ದೇ ಕಡಿಮೆ.

ಬಾಗಿಲ ಮುಂದಿನ ಕಟ್ಟೆಯನ್ನು ದಿನಾ ಸಂಜೆ ಐದಕ್ಕೆ ತೊಳೆಯುತ್ತಾರೆ; ಆಮೇಲೆ ಕ್ರಷರಿನಿಂದ ಬಿಳಿ ದೂಳು ಬಂದು ಕೂರುತ್ತದೆ. ಆ ದೂಳಿನಲ್ಲಿ ಗುರುತು ಇತ್ತು. ಗಡಿಯಾರ ಬಗ್ಗಿ ನೋಡಿ ಬಾಯಿ ಬಿಟ್ಟ.

"ಇದೇನ್ ಮೇಡಂ! ಈ ಕಳ್ಳ ಬೀಗ ಒಡೆದು, ಬೂಟು ಬಿಚ್ಚಿಟ್ಟು ಒಳಗೆ ಹೋಗಿದ್ದಾನೆ. ಮಾವನ ಮನೆಗೆ ಬಂದ ಅಳಿಯನ ಹಾಗೆ!"

ನಿಜ. ಎರಡು ಬೂಟಿನ ಅಚ್ಚು ಒಂದರ ಪಕ್ಕ ಒಂದು, ತುದಿ ಹೊರಗಡೆಗೆ. ಒಳಗೆ ನೆಲದ ಮೇಲೆ ರಬ್ಬರ್ ಚಪ್ಪಲಿಯ ಗುರುತು. ಅಂಥ ಎರಡು ಜೊತೆ ಚಪ್ಪಲಿ ಹೊಸ್ತಿಲ ಒಳಗೇ ಇದ್ದವು.

"ಇದೇನು ಪದ್ಧತಿ?" ಎಂದು ಕೇಳಿದಳು.

ಮದ್ದಿನಣ್ಣ ಜೇಬಿನ ಪೆನ್ನು ಸರಿಮಾಡಿಕೊಂಡ. "ಬೂಟಿನ ಮೊಳೆ ಕಲ್ಲಿಗೆ ತಾಗಿ ಕಿಡಿ ಬರಬಾರದು ಅಂತ. ಮದ್ದಿನ ಕೋಣೆಗೆ ಹೋಗೋರು ಹೊರಗೆ ಬಿಚ್ಚಿ, ಒಳಗಿನ ಚಪ್ಪಲಿ ಹಾಕ್ಕೋಬೇಕು."

"ಕಳ್ಳನಿಗೂ ಅದು ಗೊತ್ತಿತ್ತು ಅನ್ನಿ."

"ಇರಬಹುದು ಮೇಡಂ."

ಹನ್ನೊಂದು ಗಂಟೆಗೆ ಅವನ ಪುಟ್ಟ ಆಫೀಸಿನಲ್ಲಿ ಚಹಾ ಕುಡಿಯುತ್ತ ಇನ್ಸ್‌ಪೆಕ್ಟರ್ ಹುರಿಯ ಪಾಠ ಹೇಳಿಸಿಕೊಂಡಳು; ತಂಗಿಯೂ ಪಕ್ಕದಲ್ಲಿ ಕೂತಿದ್ದಳು. ತನಗೆ ಗೊತ್ತಿಲ್ಲದ್ದನ್ನು ಕೇಳಲು ಅವಳಿಗೆ ನಾಚಿಕೆಯಿರಲಿಲ್ಲ. ಅವನಿಗೂ ಹೇಳುವ ಹುಮ್ಮಸ್ಸು.

"ಮೊದಲು ಹುಲ್ಲಿನ ಕೊಳವೆಗೆ ಕರಿಮದ್ದು ತುಂಬಿ, ಕಿಡಿ ಹಚ್ಚಿ, ಓಡಿಬಿಡ್ತಿದ್ರಂತೆ. ಕೆಲವರು ಓಡೋದಕ್ಕೆ ಮುಂಚೆಯೇ ಹೋಗಿಬಿಡ್ತಿದ್ರು. ಸುಮಾರು ಇನ್ನೂರು ವರ್ಷದ ಹಿಂದೆ ನೂಲು ಸುತ್ತಿದ ಬತ್ತಿ ಬಂತು, ಸೇಫ್ಟಿ ಫ್ಯೂಸ್ ಅಂತ. ಅದು ನಿಧಾನ ಉರಿಯುತ್ತೆ. ಹಚ್ಚಿ, ನಡ್ಕೊಂಡೇ ಹೋಗಬಹುದು. ಜನ ಎರಡನ್ನೂ ಬತ್ತಿ ಅಂದುಬಿಡ್ತಾರೆ. ತಪ್ಪು. ಬತ್ತಿ ಉರಿಯೋದು, ಹುರಿ ಸಿಡಿಯೋದು. ಸೆಕೆಂಡಿಗೆ ಆರೇಳು ಕಿಲೋಮೀಟರ್ ಓಡುತ್ತೆ. ನಾವು ಕಣ್ಣು ಮಿಟುಕಿಸೋದ್ರೊಳಗೆ ಅದು ಊರಾಚೆ."

"ಹುರಿ ಯಾವಾಗ ಬಂದದ್ದು?"

"ನೂರು ವರ್ಷದ ಮೇಲಾಯ್ತು. ಮೊದಲು ಸೀಸದ ಕೊಳವೆಯೊಳಗೆ ಮದ್ದು ತುಂಬಿ, ತಂತಿ ಹಾಗೆ ಸಣ್ಣಗೆ ಎಳೀತಿದ್ರಂತೆ. ಹೊರೋದಕ್ಕೇ ಎರಡಾಳು ಬೇಕು. ಆಮೇಲೆ ನೂಲಿನ ಹುರಿ, ಈಗ ಮೇಲೆ ಪ್ಲಾಸ್ಟಿಕ್. ಸಾಲಿನುದ್ದ ಹೋಗೋದು ಟ್ರಂಕ್ ಲೈನು, ಅದರಿಂದ ಒಂದೊಂದು ಕುಳಿಗೆ ಇಳಿಯೋದು ಬ್ರಾಂಚು. ಗಂಟು ಅಡ್ಡಕ್ಕೆ ನೇರ ಕೂರಬೇಕು. ಓರೆಯಾದ್ರೆ ಸಿಡಿತ ದಾಟದೇ ಇರಬಹುದು." ಅವನ ದನಿ ಇಳಿಯಿತು. "ನಮ್ಮ ಭಾವಮೈದ ಓರೆ ಕಟ್ಟಿದ ಅಂತ ಬರೆದ್ರಲ್ಲ, ಅದು ಈ ಗಂಟಿನ ವಿಷಯ."

"ಅವನು ಓರೆ ಕಟ್ಟಿರಬಹುದಾ?"

"ನನ್ನ ತಂಗಿ ಎದುರಿಗೆ ನಾನು ಹೇಗೆ ಹೇಳಲಿ ಮೇಡಂ? ಕೈತಪ್ಪು ಯಾರಿಗೂ ಆಗುತ್ತೆ."

ಹೊರಡುವಾಗ ಬಾಗಿಲ ಹತ್ತಿರ ಅಣ್ಣ ತಂಗಿಯ ಸೆರಗಿಗೆ ಹತ್ತಿದ್ದ ದೂಳು ಕೊಡವಿದ್ದನ್ನು ಇನ್ಸ್‌ಪೆಕ್ಟರ್ ನೋಡಿದಳು. ನನಗೂ ಇಂಥ ಅಣ್ಣನೊಬ್ಬ ಇದ್ದಿದ್ದರೆ ಎಂದುಕೊಂಡಳು. ಆ ಮಾತಿಗೆ ಆಮೇಲೆ ಅವಳಿಗೆ ತನ್ನ ಮೇಲೇ ಸಿಟ್ಟು ಬಂತು.

ತಂಗಿಯ ಅನುಮಾನವೆಲ್ಲ ಮ್ಯಾನೇಜರ್ ಮೇಲೆ. ಹುರಿಯೇ ಕೆಟ್ಟಿತ್ತೆಂದು ಲ್ಯಾಬು ಹೇಳಿದರೆ ಕ್ವಾರಿಯ ಲೈಸೆನ್ಸಿಗೇ ಕುತ್ತು. ಕದಿಯಲು ಅವನಿಗಿಂತ ದೊಡ್ಡ ಕಾರಣ ಯಾರಿಗಿದೆ? ಎರಡೂವರೆಗೆ ಅವನನ್ನು ಕರೆಸಿದರು.

"ಸೋಮವಾರ ರಾತ್ರಿ ಎಲ್ಲಿದ್ರಿ?"

"ಮನೇಲಿ."

"ಮದ್ದಿನ ಕೋಣೆಗೆ ಕೊನೆಯ ಸಲ ಹೋದದ್ದು?"

"ತಿಂಗಳಾಯ್ತು. ಹೋಗೋದೇ ಬೇಡ ಅನ್ಸುತ್ತೆ. ಅವನು ಬೈತಾನೆ."

"ಯಾರು?"

"ಮದ್ದಿನಣ್ಣ. ನಾನು ಬೂಟು ಹಾಕ್ಕೊಂಡೇ ನುಗ್ಗಿಬಿಡ್ತೀನಿ ಅಂತ. ಸಂಬಳ ಕೊಡೋನು ನಾನು, ಬೈಸಿಕೊಳ್ಳೋನೂ ನಾನೇ. ನನ್ನ ಲೇಸು ಬಿಚ್ಚಿ ಕಟ್ಟೋದ್ರೊಳಗೆ ಹೊತ್ತು ಮುಳುಗುತ್ತೆ ಮೇಡಂ."

ಇನ್ಸ್‌ಪೆಕ್ಟರ್ ಮೇಜಿನ ಕೆಳಗೆ ಅವನ ಬೂಟು ನೋಡಿದಳು. ಹನ್ನೆರಡನೇ ಸೈಜು ಇರಬೇಕು, ದೋಣಿಯಂತಿತ್ತು. ಕಟ್ಟೆಯ ಮೇಲಿನ ಅಚ್ಚು ಎಂಟನೆಯದು. ಬೀಗ ಒಡೆಯುವ ಅವಸರದಲ್ಲೂ ಬೂಟು ಬಿಚ್ಚುವವನು ಈ ಮನುಷ್ಯನಲ್ಲ. ಅದು ತಲೆ ಯೋಚಿಸಿ ಮಾಡುವ ಕೆಲಸವಲ್ಲ, ಕಾಲೇ ಮಾಡುವ ಕೆಲಸ.

"ಬೂಟು ಬಿಚ್ಚೋ ಅಭ್ಯಾಸ ಇರೋರು ಯಾರ್ಯಾರು?" ಎಂದು ಗಡಿಯಾರನನ್ನು ವಿಚಾರಿಸಲು ಕಳಿಸಿದಳು. ಅವನು ಐದೂ ಹತ್ತಕ್ಕೆ ಬಂದು ವರದಿ ಒಪ್ಪಿಸಿದ. ಮ್ಯಾನೇಜರ್ ಬಿಟ್ಟರೆ ಒಳಗೆ ಹೋಗುವ ಹಕ್ಕಿದ್ದವರು ಮೂವರೇ. ಹಳೆಯ ಬ್ಲಾಸ್ಟರ್ ಒಬ್ಬ, ಬಂಡೆ ಬಿದ್ದು ಕಾಲು ಮುರಿದವನು, ಇನ್ನೂ ಕೋಲು ಹಿಡಿದೇ ನಡೆಯುತ್ತಾನೆ. ಹೊಸ ಬ್ಲಾಸ್ಟರ್ ಹದಿನೈದು ದಿನದಿಂದ ಬೇರೆ ಕ್ವಾರಿಯಲ್ಲಿದ್ದಾನೆ, ಹಾಜರಿ ಪುಸ್ತಕ ನೋಡಿ ಬಂದದ್ದಾಯಿತು.

"ಮೂರನೆಯವರು?"

ಗಡಿಯಾರ ತಲೆ ಕೆರೆದುಕೊಂಡ. "ಮೂರನೆಯವರು ನಮಗೆ ಚಹಾ ಕೊಟ್ಟೋರು ಮೇಡಂ."

ಅವಳು ನಂಬಲಿಲ್ಲ. ತಂಗಿಗಾಗಿ ಕೋರ್ಟು ಕಚೇರಿ ತಿರುಗಿ ಚಪ್ಪಲಿ ಸವೆಸಿದವನು, ಆ ತಂಗಿಯ ಒಂದೇ ಪುರಾವೆಯನ್ನು ಯಾಕೆ ಕದಿಯುತ್ತಾನೆ?

ಬುಧವಾರ ಬೆಳಿಗ್ಗೆ ಹತ್ತಕ್ಕೆ, ಮಾಲು ಬರುವುದಿಲ್ಲ ಎಂದು ತಿಳಿಸಲು ಲ್ಯಾಬಿನ ಅಧಿಕಾರಿಗೆ ಫೋನು ಮಾಡಿದಳು. ವಯಸ್ಸಾದ ದನಿ.

"ಛೆ! ರೋಲಿನ ತುದಿ ಹೇಗಿತ್ತು? ಮುಚ್ಚಿತ್ತಾ, ತೆರೆದಿತ್ತಾ?"

"ತುದಿನಾ? ಯಾಕೆ?"

"ಯಾಕೆ ಅಂತೀರಲ್ಲಮ್ಮ! ಹುರಿಯನ್ನ ನೀರಲ್ಲಿ ಮುಳುಗಿಸಿದ್ರೂ ಮೈಗೆ ಏನೂ ಆಗಲ್ಲ. ಕತ್ತರಿಸಿದ ತುದಿಯಿಂದ ತೇವ ಒಳಗೆ ಹೋಗುತ್ತೆ. ದಿನ ಕಳೆದ ಹಾಗೆ ಗಜಗಟ್ಟಲೆ ಒಳಗೆ ಹೋಗುತ್ತೆ. ಅಂಥ ತುದಿಯನ್ನ ಗಂಟು ಹಾಕಿದ್ರೆ, ಗಂಟು ಎಷ್ಟೇ ಸರಿ ಇದ್ರೂ, ಒಣ ಹುರಿಯ ಸಿಡಿತ ಅಲ್ಲಿಗೆ ಬಂದು ನಿಂತುಬಿಡಬಹುದು. ಅದಕ್ಕೇ ಸ್ಟೋರಿಗೆ ವಾಪಸ್ ಬಂದ ರೋಲಿನ ತುದಿಗೆ ಆಗಿಂದಾಗಲೇ ಟೇಪು ಸುತ್ತಬೇಕು. ಸ್ಟೋರ್‌ಕೀಪರಿಗೆ ಕಲಿಸೋ ಮೊದಲನೇ ಪಾಠ ಅದು. ನಿಮ್ಮವನು ಹೇಳಲಿಲ್ವಾ?"

ಇನ್ಸ್‌ಪೆಕ್ಟರ್ ಮದ್ದಿನಣ್ಣನ ಪಾಠ ನೆನೆದಳು. ಹುಲ್ಲಿನ ಕೊಳವೆ ಹೇಳಿದ್ದ, ನೂಲಿನ ಬತ್ತಿ ಹೇಳಿದ್ದ, ಸೀಸದ ಕೊಳವೆ ಹೊರಲು ಎರಡಾಳು ಬೇಕು ಎಂದು ನಗಿಸಿದ್ದ. ಇನ್ನೂರು ವರ್ಷದ ಕತೆ ಹೇಳಿದವನು ಮೊದಲನೇ ಪಾಠವನ್ನೇ ನುಂಗಿಕೊಂಡಿದ್ದ.

"ಸಾರ್, ಇನ್ನೊಂದು. ಅಂಥ ರೋಲನ್ನ ಮದ್ದಿನ ಕೆಲಸದವನು ಕದ್ದರೆ ಏನು ಮಾಡ್ತಾನೆ? ಸುಟ್ಟುಹಾಕ್ತಾನಾ?"

"ಸುಡೋಕೆ ಹೆದರ್ತಾನೆ. ಬಾವಿಗೆ ಎಸೆದ್ರೆ ನಾಳೆ ಯಾರೋ ಏನೂ ಅರಿಯದವರು ಎತ್ತಿಕೊಂಡಾರು ಅಂತ ಅದಕ್ಕೂ ಹೆದರ್ತಾನೆ. ಮನೆಗೆ ಒಯ್ಯಲ್ಲ. ನನ್ನ ಕೇಳಿದ್ರೆ, ಒಣ ಜಾಗ ನೋಡಿ ಹಲಗೆ ಮೇಲೆ ಇಟ್ಟಿರ್ತಾನೆ. ಮೂವತ್ತು ವರ್ಷದ ಅಭ್ಯಾಸ ಕಳ್ಳತನಕ್ಕೆ ಅಂತ ಒಂದು ದಿನ ರಜಾ ಹಾಕುತ್ತಾ?"

ಗುಡ್ಡದ ಆಚೆ ಹಳೆಯ ಕ್ವಾರಿ ಇತ್ತು. ಕಲ್ಲು ಮುಗಿದು ಹತ್ತು ವರ್ಷದಿಂದ ಪಾಳು. ಅಲ್ಲೊಂದು ಹಳೆಯ ಮದ್ದಿನ ಕೋಣೆ. ಮಧ್ಯಾಹ್ನ ಹನ್ನೆರಡೂ ನಲವತ್ತಕ್ಕೆ ಪಂಚರೊಂದಿಗೆ, ಮದ್ದು ನಿಭಾಯಿಸುವ ತಂಡದವರೊಂದಿಗೆ ಬಾಗಿಲು ತಳ್ಳಿದರು. ಗೋಡೆಯಿಂದ ಒಂದು ಮೊಳ ಬಿಟ್ಟು ಎರಡು ಹಲಗೆ, ಹಲಗೆಯ ಮೇಲೆ ಪೆಟ್ಟಿಗೆ. ಸೀಲು ಒಡೆದಿತ್ತು. ಒಳಗೆ ಕಿತ್ತಳೆ ಬಣ್ಣದ ರೋಲು.

ಇನ್ಸ್‌ಪೆಕ್ಟರ್ ಹಳೆಯ ಪಂಚನಾಮೆಯ ಫೋಟೋ ಪಕ್ಕದಲ್ಲಿ ಹಿಡಿದು ನೋಡಿದಳು. ಸೀಲು ಮಾಡಿದ ದಿನ ರೋಲಿನ ತುದಿ ಬರಿದಾಗಿ, ನೂಲು ಬಿಚ್ಚಿಕೊಂಡು ನಿಂತಿತ್ತು. ಈಗ ಅದರ ಮೇಲೆ ಕರಿ ಟೇಪು. ಮೂರು ಸುತ್ತು, ಬಿಗಿಯಾಗಿ, ಅಂಚು ಬೆರಳಿನಿಂದ ಒತ್ತಿ ಕೂರಿಸಿದ್ದು.

"ಯಾರ ಮುತುವರ್ಜಿ ಇದು?" ಎಂದ ಗಡಿಯಾರ. "ಕದ್ದ ಮಾಲಿಗೆ ಶೀತ ಆಗದಿರಲಿ ಅಂತ ಮಫ್ಲರ್ ಸುತ್ತಿದ್ದಾನೆ."

ಟೇಪಿನ ಅಂಟಿನಲ್ಲಿ ಒಂದು ಹೆಬ್ಬೆರಳು, ಒಂದು ತೋರುಬೆರಳು ಸ್ಪಷ್ಟವಾಗಿ ಸಿಕ್ಕಿದವು. ಲೈಸೆನ್ಸಿನ ಫೈಲಿನಲ್ಲಿದ್ದ ಸ್ಟೋರ್‌ಕೀಪರನ ಬೆರಳಚ್ಚಿನೊಂದಿಗೆ ರಾತ್ರಿಯೊಳಗೆ ತಾಳೆಯಾದವು. ಬೇಲಿಯೇ ಎದ್ದು ಹೊಲ ಮೇಯ್ದಿತ್ತು.

ಗುರುವಾರ ಹನ್ನೊಂದು ಗಂಟೆಗೆ ಅಣ್ಣ ತಂಗಿ ಎಂದಿನಂತೆ ಜೊತೆಯಾಗಿಯೇ ಠಾಣೆಗೆ ಬಂದರು. ಅವನ ಕೈಯಲ್ಲಿ ಇನ್ನೊಂದು ಅರ್ಜಿ: ತನಿಖೆ ಚುರುಕು ಮಾಡಬೇಕೆಂದು. ಇನ್ಸ್‌ಪೆಕ್ಟರ್ ಅದನ್ನು ತೆಗೆದುಕೊಳ್ಳಲಿಲ್ಲ.

"ಬೂಟು ಎಷ್ಟನೇ ನಂಬರು?"

"ಎಂಟು ಮೇಡಂ."

"ಬಿಚ್ಚಿ ಕೊಡಿ."

ಅವನು ಬಗ್ಗಿದ. ಬಿಚ್ಚಿದ ಬೂಟುಗಳನ್ನು ಒಂದರ ಪಕ್ಕ ಒಂದು, ತುದಿ ಬಾಗಿಲ ಕಡೆಗೆ, ತಾನಾಗಿಯೇ ಜೋಡಿಸಿಟ್ಟ. ಇಟ್ಟ ಮೇಲೆ ಅವನಿಗೇ ಅದು ಕಾಣಿಸಿತು. ತಲೆ ಎತ್ತಲಿಲ್ಲ.

ಅವಳು ಮೇಜಿನ ಮೇಲೆ ಫೋಟೋ ಇಟ್ಟಳು. ಹಲಗೆ, ಪೆಟ್ಟಿಗೆ, ಕರಿ ಟೇಪು.

"ರೋಲು ಸಿಕ್ತಾ!" ತಂಗಿ ಎದ್ದೇ ನಿಂತಳು. "ಅಣ್ಣಾ, ನೋಡೋ, ಸಿಕ್ತು! ಯಾರು ಮೇಡಂ ಕದ್ದದ್ದು?"

ಅವಳು ಒಬ್ಬೊಬ್ಬರ ಮುಖವನ್ನೂ ನೋಡಿ ಕೊನೆಗೆ ಅಣ್ಣನ ಬರಿಗಾಲು ನೋಡಿದಳು.

"ಅಣ್ಣಾ?"

"ಕೂತ್ಕೋ," ಎಂದ ಅವನು. "ಕೂತ್ಕೊಂಡು ಕೇಳು."

ಅವಳು ಕೂರಲಿಲ್ಲ.

"ಬಂಡೆ ಬಿದ್ದ ದಿನಕ್ಕೆ ಮೂರು ವಾರ ಮುಂಚೆ ರೋಲು ವಾಪಸ್ ಬಂದಿತ್ತು. ಟೇಪು ಖಾಲಿಯಾಗಿತ್ತು. ನಾಳೆ ಸುತ್ತೋಣ ಅಂದ್ಕೊಂಡೆ. ಮರೆತೆ. ಮಳೆ ಬೇರೆ. ಆ ದಿನ ನಿನ್ನ ಗಂಡ ಬಂದು, ಎರಡು ಸಾಲು ಜೋಡಿಸೋಕೆ ಎರಡು ಗಜ ಬೇಕು ಭಾವ ಅಂದ. ತುದಿ ನೋಡಿ, ಟೇಪು ಎಲ್ಲಿ ಅಂತ ಕೇಳಿದ. ನನಗಿಂತ ಹತ್ತು ವರ್ಷ ಚಿಕ್ಕವನು, ನಾನೇ ಕೆಲಸ ಕಲಿಸಿದೋನು. ಅವನ ಹತ್ತಿರ ಮರೆತೆ ಅನ್ನೋಕೆ ಬಾಯಿ ಬರಲಿಲ್ಲ. ಈಗ ತಾನೇ ಬಿಚ್ಚಿದೆ ಹೋಗಪ್ಪ ಅಂದೆ."

"ಅವರು ನಂಬಿದ್ರಾ?"

"ನಾನು ಹೇಳಿದ್ಮೇಲೆ ಅವನು ಯಾವತ್ತು ನಂಬಿರಲಿಲ್ಲ? ಬೇರೆ ಯಾರೇ ಕೊಟ್ಟಿದ್ರೂ ಒಂದಷ್ಟು ಉದ್ದ ಕತ್ತರಿಸಿ ಬಿಸಾಡಿ, ಒಣಗಿದ್ದು ನೋಡಿ ತಗೊಂಡುಹೋಗ್ತಿದ್ದ."

"ಗಂಟು ತಪ್ಪು ಅಂತ ಅವರು ಬರೆಯುವಾಗ ನೀನು ಅಲ್ಲೇ ಇದ್ದೆ."

"ಇದ್ದೆ. ಸತ್ತವನ ಮೇಲೆ ತಪ್ಪು ಹೊರಿಸಿದ್ರೆ ಸತ್ತವನಿಗೇನು ನೋಯುತ್ತಾ ಅಂದ್ಕೊಂಡೆ."

"ನನಗೆ ನೋಯ್ತಲ್ಲೋ! ನಲ್ಲಿ ಹತ್ತಿರ ಅವರು ಕೊಡ ಎತ್ಕೊಂಡು ಹೋಗ್ತಾರೆ ಅಂತ ನಿನ್ನ ಮುಂದೆ ಬಂದು ಅತ್ತೆನಲ್ಲೋ. ಕಣ್ಣೊರೆಸಿದೆಯಲ್ಲ. ಅರ್ಜಿ ಬರ್ಕೊಟ್ಟೆಯಲ್ಲ!"

"ನೀನು ಬರ್ಕೊಡು ಅಂದೆ. ಇಲ್ಲ ಅನ್ನೋಕೆ ಕಾರಣ ಕೊಡಬೇಕಿತ್ತು. ಕೋರ್ಟು ನಮ್ಮಂಥವರ ಮಾತು ಕೇಳುತ್ತೆ ಅಂತ ನಾನು ಎಣಿಸಿರಲಿಲ್ಲ."

ಇನ್ಸ್‌ಪೆಕ್ಟರ್‌ಗೆ ಕೇಳಲು ಒಂದೇ ಪ್ರಶ್ನೆ ಉಳಿದಿತ್ತು. "ಕದ್ದದ್ದಾಯ್ತು, ಬಚ್ಚಿಟ್ಟದ್ದಾಯ್ತು. ಟೇಪು ಯಾಕೆ ಸುತ್ತಿದೆ? ಅದಿಲ್ಲದಿದ್ರೆ ನನಗೆ ನಿನ್ನ ಬೆರಳಚ್ಚು ಸಿಗ್ತಿರಲಿಲ್ಲ."

ಅವನು ತನ್ನ ಕೈ ನೋಡಿಕೊಂಡ. "ಬಿಟ್ಟು ಬರೋಕೆ ಆಗಲಿಲ್ಲ ಮೇಡಂ. ಆವತ್ತಿಂದ ಜೇಬಿನಲ್ಲಿ ಯಾವಾಗಲೂ ಒಂದು ಟೇಪು ಇಟ್ಕೊಂಡಿರ್ತೀನಿ. ತೆರೆದ ತುದಿ ಕಂಡ್ರೆ ಕೈ ನಿಲ್ಲಲ್ಲ."

ಹನ್ನೊಂದು ಐವತ್ತೈದಕ್ಕೆ ದಸ್ತಗಿರಿ. ಗಡಿಯಾರ ಸಮಯ ಬರೆದುಕೊಂಡ, ಆದರೆ ಗೋಡೆಯ ಮೇಲಿನ ಗಂಟೆ ನೋಡುವ ಮುಂಚೆ ಎರಡು ಸಲ ಕಣ್ಣೊರೆಸಿಕೊಂಡ. ಕರೆದೊಯ್ಯುವಾಗ ಅಣ್ಣ ಬಾಗಿಲಲ್ಲಿ ತಿರುಗಿ, "ಹೊತ್ತಾಯ್ತು, ಊಟ ಮಾಡು" ಎಂದ. ತಂಗಿ ಮುಖ ಆಚೆ ತಿರುಗಿಸಿಕೊಂಡಳು.

ರೋಲು ಅದೇ ದಿನ ಮಧ್ಯಾಹ್ನ ಲ್ಯಾಬಿಗೆ ಹೊರಟಿತು. ಕೋರ್ಟು ಹೇಳಿದ ದಿನವೂ ಅದೇ ಆಗಿತ್ತು. ಹನ್ನೆರಡು ದಿನದ ನಂತರ ವರದಿ ಬಂತು: ತುದಿಯಿಂದ ನಾಲ್ಕು ಗಜದವರೆಗೆ ಒಳಗಿನ ಮದ್ದು ತೇವ ಕುಡಿದು ಹೆಪ್ಪುಗಟ್ಟಿತ್ತು. ಆ ವರದಿಯನ್ನೂ ಅಣ್ಣನ ಹೇಳಿಕೆಯನ್ನೂ ನೋಡಿ ಕೋರ್ಟು ಬ್ಲಾಸ್ಟರ್‌ನ ಕೈತಪ್ಪು ಎಂಬ ಸಾಲನ್ನು ಹೊಡೆದುಹಾಕಿತು. ಕೇಸ್ ಡೈರಿಯಲ್ಲಿ ಇನ್ಸ್‌ಪೆಕ್ಟರ್ ಬರೆದಳು: 'ಆರೋಪಿಗೆ ಯಾರ ಮೇಲೂ ದ್ವೇಷವಿರಲಿಲ್ಲ, ಲಾಭದ ಆಸೆಯೂ ಇರಲಿಲ್ಲ. ತನಗಿಂತ ಕಿರಿಯನ ಎದುರು ಮರೆತೆ ಎಂದು ಒಪ್ಪಿಕೊಳ್ಳಲು ನಾಚಿದ. ಉಳಿದದ್ದೆಲ್ಲ ಆ ಒಂದು ಮಾತನ್ನು ಮುಚ್ಚಲು ಮಾಡಿದ್ದು.'

ಆದರೆ ಅದೆಲ್ಲ ಆಮೇಲಿನ ಮಾತು. ಆ ಗುರುವಾರ ತಂಗಿಯ ಹೇಳಿಕೆ ಹೊಸದಾಗಿ ಬರೆಯಬೇಕಿತ್ತು. ಹಳೆಯ ಅರ್ಜಿ ಆರೋಪಿಯ ಕೈಬರಹದಲ್ಲೇ ಇದ್ದದ್ದರಿಂದ ಗಡಿಯಾರ ಹೊಸ ಹಾಳೆ ತೆಗೆದ. ಹೆಸರು, ವಯಸ್ಸು, ವಿಳಾಸ ಕೇಳಿ ಬರೆದ. ಒಂದು ಕಡೆಗೆ ಬಂದು ಪೆನ್ನು ನಿಲ್ಲಿಸಿ ಇನ್ಸ್‌ಪೆಕ್ಟರ್ ಮುಖ ನೋಡಿದ.

"ಏನದು?" ಎಂದು ತಂಗಿಯೇ ಕೇಳಿದಳು.

"ಪಿರ್ಯಾದಿಗೂ ಆರೋಪಿಗೂ ಏನು ಸಂಬಂಧ ಅಂತ ಬರೀಬೇಕಮ್ಮ. ಬೇಕಾದ್ರೆ ಆಮೇಲೆ..."

ಅವಳು ಮೇಜಿನ ಹತ್ತಿರ ಅವನು ಜೋಡಿಸಿಟ್ಟಂತೆಯೇ ಇದ್ದ ಎಂಟನೇ ನಂಬರಿನ ಬೂಟುಗಳನ್ನು ಸ್ವಲ್ಪ ಹೊತ್ತು ನೋಡಿದಳು.

"ಅಣ್ಣ ಅಂತಲೇ ಬರೀರಿ ಸಾರ್," ಎಂದಳು. "ಸುಳ್ಳು ಹೇಳಿದ್ದು ಅವನು. ನಾನ್ಯಾಕೆ ಹೇಳಲಿ?"